ಬಿಲ್ ಬೇಕಾ ಸಾರ್?

ಮೊದಲು ಒಂದು ಮಾತು ನಿಜ ಹೇಳಿಬಿಡಿ. ಇಲ್ಲಿ ಯಾರೂ ಕೇಳಿಸಿಕೊಳ್ತಿಲ್ಲ, ನಾನು ನೀವು ಇಬ್ಬರೇ. ಅಂಗಡಿಯವನು ಆಚೀಚೆ ನೋಡಿ, ದನಿ ತಗ್ಗಿಸಿ, 'ಬಿಲ್ ಬೇಕಾ ಸಾರ್?' ಅಂದಾಗ ನೀವು ಏನಂತೀರಿ? (ಯೋಚನೆ ಮಾಡಬೇಡಿ. ಯೋಚನೆ ಮಾಡಿದ್ರೆ ಸುಳ್ಳು ಬರುತ್ತೆ.)

ನನ್ನ ಫೋನಿನಲ್ಲಿ ಈ ಪ್ರಶ್ನೆ ನಿನ್ನೆ ರಾತ್ರಿಯಿಂದ ಕೂತಿದೆ. ಕಳಿಸಿದವರು ಶಿವಕಾಶಿಯ ಪಟಾಕಿ ವ್ಯಾಪಾರಿ. 'ಸಾರ್, ಬಿಲ್ ವೇಣುಮಾ?' ಅಂತ ಕೇಳಿ, ಪಕ್ಕದಲ್ಲಿ ಕೈ ಮುಗಿದ ಎಮೋಜಿ ಬೇರೆ ಹಾಕಿದ್ದಾರೆ. ನಾನಿನ್ನೂ ಉತ್ತರ ಕೊಟ್ಟಿಲ್ಲ. ಯಾಕೆ ಕೊಟ್ಟಿಲ್ಲ ಅನ್ನೋದೇ ಈ ಹರಟೆ. ಕಾಫಿ ಇದ್ರೆ ತಂದು ಕೂತ್ಕೊಳ್ಳಿ.

ನಾನಿರೋದು ದುವ್ವಾಡದಲ್ಲಿ. ವಿಶಾಖಪಟ್ಟಣದ ಅಂಚು, ಉಕ್ಕಿನ ಕಾರ್ಖಾನೆಯ ನೆರಳು. ಬೆಂಗಳೂರು ಕಡೆಯಿಂದ ಒಡಿಶಾ, ಬಂಗಾಳಕ್ಕೆ ಹೋಗೋ ಎಷ್ಟೋ ರೈಲುಗಳು ವೈಜಾಗ್ ಸ್ಟೇಷನ್ನಿನ ಮುಖಾನೇ ನೋಡಲ್ಲ. ಅಲ್ಲಿಗೆ ಹೋದ್ರೆ ಎಂಜಿನ್ನನ್ನ ಹಿಂದಿನಿಂದ ಮುಂದಕ್ಕೆ ತಂದು ಕಟ್ಟಬೇಕು, ಹೊತ್ತು ಹೋಗುತ್ತೆ. ಅದಕ್ಕೆ ನಮ್ಮೂರಲ್ಲಿ ಎರಡು ನಿಮಿಷ ನಿಂತು ಅಡ್ಡದಾರಿ ಹಿಡಿದುಬಿಡ್ತವೆ. ರೈಲಿಗೇ ಬೈಪಾಸ್ ಅಭ್ಯಾಸ ಇರೋ ಊರಲ್ಲಿ ಮನುಷ್ಯರ ಗತಿ ಕೇಳ್ತೀರಾ?

ಇನ್ನೊಂದು ತಮಾಷೆ. ಇಲ್ಲೊಂದು ಕಾಂಪೌಂಡ್ ಗೋಡೆ ಇದೆ, ಅದರಾಚೆ ಫಾರಿನ್ನು! ವಿಶಾಖಪಟ್ಟಣ ವಿಶೇಷ ಆರ್ಥಿಕ ವಲಯ, ಜನರ ಬಾಯಲ್ಲಿ ಎಸ್‌ಇಜೆಡ್. 2005ರ ಕಾಯ್ದೆ ಪ್ರಕಾರ ಆ ಗೋಡೆಯೊಳಗಿನ ನೆಲ ಸುಂಕದ ಲೆಕ್ಕಕ್ಕೆ ಭಾರತದ ಹೊರಗೆ. ಅಲ್ಲಿ ತಯಾರಾದ ಸರಕು ಗೇಟು ದಾಟಿ ನಮ್ಮ ಬೀದಿಗೆ ಬಂದ್ರೆ ಆಮದು ಅಂತಲೇ ಲೆಕ್ಕ, ಕಸ್ಟಮ್ಸ್ ಕಟ್ಟಬೇಕು. ಸಿಂಗಪುರಕ್ಕೆ ಹೋಗಬೇಕು ಅಂತ ನಮ್ಮಾಕೆ ಗೋಗರೆದಾಗ ಆ ಗೇಟಿನ ತನಕ ವಾಕಿಂಗ್ ಕರ್ಕೊಂಡು ಹೋಗಿ ತೋರಿಸಿ ಬಂದಿದ್ದೀನಿ. (ಆ ರಾತ್ರಿ ಊಟಕ್ಕೆ ಬರೀ ಮೊಸರನ್ನ.)

ಈಗ ಮದ್ದುಗುಂಡಿನ ವಿಷಯಕ್ಕೆ ಬರ್ತೀನಿ. ಗಾಬರಿಯಾಗಬೇಡಿ. ನಮ್ಮ ಚಿಕ್ಕಮ್ಮನ ಮಗ ಸಿಯಾಟಲ್ ಹತ್ತಿರ ಬೆಲ್‌ವ್ಯೂದಲ್ಲಿದ್ದಾನೆ. ಹುಡುಗ ಇಲ್ಲಿದ್ದಾಗ ಬಿಜಿಲಿ ಪಟಾಕಿ ಸದ್ದಿಗೆ ಮಂಚದಡಿ ಸೇರ್ತಿದ್ದ. ಅಲ್ಲಿ ಹೋದ ಮೇಲೆ ಶನಿವಾರ ಶನಿವಾರ ಶೂಟಿಂಗ್ ರೇಂಜಿಗೆ ಹೋಗಿ ಕಾಗದದ ಬೋರ್ಡಿಗೆ ಗುರಿ ಇಡ್ತಾನೆ. ಅದಕ್ಕೆ ಬೇಕಾದ ಗುಂಡಿನ ಡಬ್ಬಗಳನ್ನ ಮೊಂಟಾನಾ ರಾಜ್ಯದ ಒಂದು ಪುಟ್ಟ ಅಂಗಡಿಯಿಂದ ಆನ್‌ಲೈನ್‌ನಲ್ಲಿ ತರಿಸ್ತಾನಂತೆ, ನಾವು ಕೊರಿಯರ್‌ನಲ್ಲಿ ಹುಳಿಪುಡಿ ತರಿಸಿದ ಹಾಗೆ.

ಯಾಕೆ ಮೊಂಟಾನಾ? ಅಲ್ಲಿ ಸೇಲ್ಸ್ ಟ್ಯಾಕ್ಸೇ ಇಲ್ಲ. ಇವನಿರೋ ವಾಷಿಂಗ್ಟನ್ ರಾಜ್ಯದಲ್ಲಿ ನೂರಕ್ಕೆ ಹತ್ತರ ಆಸುಪಾಸು. 'ಹತ್ತು ಪರ್ಸೆಂಟ್ ಉಳೀತು ನೋಡಣ್ಣ' ಅಂತ ವಿಡಿಯೋ ಕಾಲ್‌ನಲ್ಲಿ ಮೀಸೆ ತಿರುವಿದ. ರಕ್ತ ಅಲ್ವಾ, ನನ್ನ ಮೀಸೆ ಮೇಲೂ ಕೈ ಹೋಯ್ತು.

ಎರಡು ತಿಂಗಳಾದ ಮೇಲೆ ಅದೇ ಹುಡುಗ ಮುಖ ಸಣ್ಣ ಮಾಡ್ಕೊಂಡು ಫೋನ್ ಮಾಡಿದ. 'ಅಣ್ಣಾ, ಇಲ್ಲಿ ಯೂಸ್ ಟ್ಯಾಕ್ಸ್ ಅಂತ ಒಂದಿದೆ. ಹೊರಗಿನ ರಾಜ್ಯದಲ್ಲಿ ತೆರಿಗೆ ಇಲ್ದೆ ತಗೊಂಡು ಇಲ್ಲಿ ಬಳಸಿದ್ರೆ, ಅಷ್ಟೇ ತೆರಿಗೆ ನಾನೇ ಲೆಕ್ಕ ಹಾಕಿ ನಾನೇ ಕಟ್ಟಬೇಕಂತೆ.' ನಾನು ಕೇಳಿದೆ, 'ಯಾರು ಬಂದು ಕೇಳ್ತಾರೋ?' 'ಯಾರೂ ಕೇಳಲ್ಲ. ನಾನೇ ಫಾರಂ ತುಂಬಿ ಹೇಳ್ಬೇಕು.' ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ನಮ್ಮ ವಂಶದಲ್ಲಿ ಇಂಥ ಕಷ್ಟ ಯಾರಿಗೂ ಬಂದಿರಲಿಲ್ಲ.

ಇದು ಹೊಸ ಕಿತಾಪತಿಯೂ ಅಲ್ಲ. ವಾಷಿಂಗ್ಟನ್ ರಾಜ್ಯ 1935ರಲ್ಲೇ ಈ ತೆರಿಗೆ ತಂದಿತ್ತು. ಗ್ರ್ಯಾಂಡ್ ಕೂಲಿ ಅಣೆಕಟ್ಟು ಕಟ್ತಿದ್ದ ಗುತ್ತಿಗೆದಾರರು, 'ನಾವು ಯಂತ್ರ ಕೊಂಡಿದ್ದು ಹೊರಗಡೆ, ನಿಮಗ್ಯಾಕೆ ಕೊಡಬೇಕು?' ಅಂತ ಕೋರ್ಟಿಗೆ ಹೋದ್ರು. 1937ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಎಲ್ಲಿ ಕೊಂಡ್ರಿ ಅನ್ನೋದು ಬೇರೆ, ಎಲ್ಲಿ ಬಳಸ್ತೀರಿ ಅನ್ನೋದು ಬೇರೆ, ಬಳಸೋ ಕಡೆ ಕಟ್ಟಿ ಅಂದುಬಿಡ್ತು. ಅಣೆಕಟ್ಟಿನವರಿಗೇ ಬಿಡಲಿಲ್ಲ, ನಮ್ಮ ಹುಡುಗನ ಗುಂಡಿನ ಡಬ್ಬ ಬಿಡ್ತಾರಾ?

ಆದ್ರೆ ಜನ ತಾವಾಗೇ ಬಂದು ಕಟ್ತಾರೆ ಅನ್ನೋ ಭ್ರಮೆ ಅವರಿಗೂ ಉಳೀಲಿಲ್ಲ. 2018ರ ಜೂನ್ 21ರಂದು ಅದೇ ಕೋರ್ಟು, ಸೌತ್ ಡಕೋಟಾ ರಾಜ್ಯ ಮತ್ತು ವೇಫೇರ್ ಕಂಪನಿಯ ಕೇಸಿನಲ್ಲಿ, ಹೊರರಾಜ್ಯದ ಆನ್‌ಲೈನ್ ಅಂಗಡಿಯಿಂದಲೇ ತೆರಿಗೆ ವಸೂಲಿ ಮಾಡಿಸಬಹುದು ಅಂತ 5–4ರಲ್ಲಿ ಹೇಳ್ತು. ದೊಡ್ಡ ಅಂಗಡಿಗಳು ಬಲೆಗೆ ಬಿದ್ವು. ಮೊಂಟಾನಾದ ಪುಟ್ಟ ಅಂಗಡಿಯಂಥ ಚಿಕ್ಕ ಮೀನುಗಳು ತೂರಿಕೊಂಡ್ವು. ಆ ತೂತಿನಲ್ಲೇ ನಮ್ಮ ಹುಡುಗ ಸಿಕ್ಕಿಕೊಂಡಿದ್ದು.

ನಮ್ಮಲ್ಲಿ ಗುಂಡು ಇಷ್ಟು ಸಲೀಸಾಗಿ ಮನೆ ಬಾಗಿಲಿಗೆ ಬರಲ್ಲ ಬಿಡಿ. 1959ರ ಶಸ್ತ್ರಾಸ್ತ್ರ ಕಾಯ್ದೆ ಇದೆ, ಲೈಸೆನ್ಸ್ ಇದೆ, ಲೈಸೆನ್ಸಿನಲ್ಲಿ ತೋಟಾಗಳ ಲೆಕ್ಕ ಇದೆ. ಕೊಡವರಿಗೆ ಮಾತ್ರ ಬಂದೂಕಿನ ಲೈಸೆನ್ಸಿನಿಂದ ಬ್ರಿಟಿಷರ ಕಾಲದಿಂದ ವಿನಾಯಿತಿ, ಅದನ್ನ ಕೇಂದ್ರ ಸರ್ಕಾರ 2029ರ ತನಕ ಮುಂದುವರಿಸಿದೆ. ಕೈಲ್ ಪೊಳ್ದ್ ಹಬ್ಬದ ದಿನ ಕೋವಿಗೆ ಹೂ ಮುಡಿಸಿ ಪೂಜೆ ಮಾಡೋ ಜನ ಅವರು. ನಮ್ಮಂಥವರ ಕೈಗೆ ಸಿಗೋ ಮದ್ದುಗುಂಡು ಒಂದೇ: ಲಕ್ಷ್ಮಿ ಬಾಂಬು, ಭೂಚಕ್ರ, ರಾಕೆಟ್ಟು.

ಅದರ ಆಯುಧಾಗಾರ ಶಿವಕಾಶಿ. ನಿಮ್ಮ ಅಪಾರ್ಟ್‌ಮೆಂಟ್ ಗ್ರೂಪಿಗೂ ಬಂದಿರುತ್ತೆ ಆ ರೇಟ್ ಲಿಸ್ಟು, ಇಲ್ಲ ಅನ್ನಬೇಡಿ. ಒಂದು ಹೂಕುಂಡದ ಡಬ್ಬಕ್ಕೆ 600 ರೂಪಾಯಿ ಅಂತ ಬರೆದು ಅದರ ಮೇಲೆ ಅಡ್ಡಗೆರೆ, ಪಕ್ಕದಲ್ಲಿ ಎಂಬತ್ತು ಪರ್ಸೆಂಟ್ ಡಿಸ್ಕೌಂಟು. ಆ ಆರುನೂರು ರೂಪಾಯಿಗೆ ಆ ಡಬ್ಬವನ್ನ ಈ ಭೂಮಿ ಮೇಲೆ ಯಾರಾದ್ರೂ ಕೊಂಡಿದ್ದಾರಾ? ಗೊತ್ತು ನಿಮಗೂ. ಆದ್ರೂ ಆ ಅಡ್ಡಗೆರೆ ಕಂಡ್ರೆ ನಿಮ್ಮೆದೆಯಲ್ಲೊಂದು ಮತಾಪು ಹತ್ಕೊಳ್ಳುತ್ತೆ, ಹೌದೋ ಅಲ್ವೋ?

ಇನ್ನೊಂದು ಚಮತ್ಕಾರ ನೋಡಿ. 2018ರ ಅಕ್ಟೋಬರ್ 23ರಂದು ನಮ್ಮ ಸುಪ್ರೀಂ ಕೋರ್ಟು, ಆನ್‌ಲೈನ್ ಅಂಗಡಿಗಳು ಪಟಾಕಿ ಮಾರೋ ಹಾಗಿಲ್ಲ ಅಂತ ಆದೇಶ ಕೊಡ್ತು. ಮಾಲೆ ಪಟಾಕಿ ಬೇಡ, ದೀಪಾವಳಿಗೆ ರಾತ್ರಿ ಎಂಟರಿಂದ ಹತ್ತು, ಅಷ್ಟೇ ಅಂತಲೂ ಹೇಳ್ತು. ಶಿವಕಾಶಿ ಕಡೆಯ ವೆಬ್‌ಸೈಟುಗಳು ಏನು ಮಾಡಿದ್ವು ಗೊತ್ತಾ? 'ಕೋರ್ಟಿನ ಆದೇಶದಂತೆ ನಾವು ಆನ್‌ಲೈನ್ ಮಾರಾಟ ಮಾಡುವುದಿಲ್ಲ' ಅಂತ ತಲೆಬರಹದಲ್ಲೇ ಭಕ್ತಿಯಿಂದ ಬರ್ಕೊಂಡ್ವು. ಕೆಳಗೆ, 'ಬೇಕಾದ್ದನ್ನು ಆಯ್ದು ಎನ್‌ಕ್ವೈರಿ ಒತ್ತಿ, ನಾವೇ ಫೋನ್ ಮಾಡ್ತೀವಿ.'

ನಾವು ಕೊಂಡುಕೊಳ್ಳೋದಿಲ್ಲ ಸ್ವಾಮಿ, ವಿಚಾರಿಸ್ತೀವಿ. ವಿಚಾರಿಸಿದ ಮೇಲೆ ಗೂಗಲ್ ಪೇನಲ್ಲಿ ದುಡ್ಡು ತಾನಾಗೇ ಹೋಗುತ್ತೆ, ಲಾರಿಯಲ್ಲಿ ಪೆಟ್ಟಿಗೆ ತಾನಾಗೇ ಬರುತ್ತೆ.

ಹೋದ ವರ್ಷ ನಾನೂ ಹೀಗೇ ವಿಚಾರಿಸಿದೆ. ಲಿಸ್ಟ್ ರೇಟಿನಲ್ಲಿ 17,500 ರೂಪಾಯಿ ಮಾಲು, ಡಿಸ್ಕೌಂಟ್ ಹೋಗಿ 3,500. ಪ್ಯಾಕಿಂಗ್ ಅಂತ ನೂರಕ್ಕೆ ಮೂರು, 105. ಒಟ್ಟು 3,605. ಆಮೇಲೆ ಬಂತು ನೋಡಿ ಆ ಮಧುರ ಪ್ರಶ್ನೆ, ಬಿಲ್ ವೇಣುಮಾ? ಬೇಕಂದ್ರೆ ಜಿಎಸ್‌ಟಿ 18 ಪರ್ಸೆಂಟ್ ಎಕ್ಸ್‌ಟ್ರಾ. ಬೇಡವಂದ್ರೆ 649 ರೂಪಾಯಿ ಉಳಿತಾಯ. ನೀವೇನು ಮಾಡ್ತಿದ್ರೋ ಅದನ್ನೇ ನಾನೂ ಮಾಡಿದೆ.

ಈಗ ಸ್ವಲ್ಪ ಪಾಠ, ಆಕಳಿಸಬೇಡಿ, ಚಿಕ್ಕದು. ಪಟಾಕಿಗೆ 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ 28 ಪರ್ಸೆಂಟ್ ಇತ್ತು, ಅದೇ ನವೆಂಬರ್‌ನಲ್ಲಿ 18ಕ್ಕೆ ಇಳೀತು. ತಮಿಳುನಾಡಿನ ಅಂಗಡಿ ಬಿಲ್ ಹಾಕಿ ಆಂಧ್ರಕ್ಕೆ ಕಳಿಸಿದ್ರೆ ಅದು ಐಜಿಎಸ್‌ಟಿ. ಅದರಲ್ಲಿ ರಾಜ್ಯದ ಪಾಲು ಮಾರಿದ ರಾಜ್ಯಕ್ಕಲ್ಲ, ಮಾಲು ಬಂದು ಸೇರಿದ ರಾಜ್ಯಕ್ಕೆ. ಅಂದ್ರೆ ಬಾಂಬು ಎಲ್ಲಿ ಢಂ ಅನ್ನುತ್ತೋ ದುಡ್ಡೂ ಅಲ್ಲಿಗೇ.

ಹಾಗಾಗಿ ನಮ್ಮ ಹುಡುಗನ ಥರ ನೀವು ಕೂತು ಫಾರಂ ತುಂಬೋ ರಗಳೆ ಇಲ್ಲ. ಬಿಲ್ ಒಂದು ಹಾಕಿಸಿಕೊಂಡ್ರೆ ಮುಗೀತು, ಮಿಕ್ಕಿದ್ದು ಅಂಗಡಿಯವನ ತಲೆನೋವು. ಅಮೆರಿಕದವರು ಒಂದು ಪುಟದ ಫಾರಂನಲ್ಲಿ ಕೇಳೋದನ್ನ ನಮ್ಮಲ್ಲಿ ಎರಡೇ ಪದದಲ್ಲಿ ಕೇಳ್ತಾರೆ, 'ಬಿಲ್ ಬೇಕಾ?' ನಾವೂ ಒಂದೇ ಪದದಲ್ಲಿ ಮುಗಿಸ್ತೀವಿ, 'ಬ್ಯಾಡ.'

ಕತೆ ಮುಂದೆ ಕೇಳಿ. ಪಾರ್ಸೆಲ್ ಬಂತು ಅಂತ ಲಾರಿ ಆಫೀಸಿನಿಂದ ಫೋನು. ಬಾಡಿಗೆ ಕಟ್ಟಿಲ್ಲ, ನೀವೇ ಕೊಟ್ಟು ಬಿಡಿಸಿಕೊಳ್ಳಿ ಅಂದ್ರು, 480 ರೂಪಾಯಿ. ಹಮಾಲಿ 50. ಗಾಜುವಾಕ ಕಡೆಯಿಂದ ಮನೆಗೆ ಆಟೋ 300. ಲೆಕ್ಕ ಹಾಕ್ತಾ ಇದ್ದೀರಿ ತಾನೇ? 4,435 ಆಯ್ತು. ಪೆಟ್ಟಿಗೆ ಮೇಲೆ ಏನು ಬರೆದಿತ್ತು ಅಂತೀರಿ? 'ಮನೆ ಸಾಮಾನು'. ಅದರ ಪಕ್ಕದಲ್ಲೇ ಯಾರದೋ ಸೀರೆ ಗಂಟು, ಯಾರದೋ ತೊಟ್ಟಿಲು.

ಇಲ್ಲಿ ಅರೆಗಳಿಗೆ ನಗು ನಿಲ್ಲಿಸ್ತೀನಿ. 2023ರ ಅಕ್ಟೋಬರ್ 7ರಂದು ತಮಿಳುನಾಡು ಗಡಿಯ ಅತ್ತಿಬೆಲೆಯ ಪಟಾಕಿ ಗೋದಾಮಿಗೆ ಬೆಂಕಿ ಬಿದ್ದು ಹದಿನಾಲ್ಕಕ್ಕೂ ಹೆಚ್ಚು ಜನ ಹೋದ್ರು, ಬಹಳಷ್ಟು ಜನ ಹಬ್ಬದ ಕೆಲಸಕ್ಕೆ ಬಂದ ಹುಡುಗರು. ಗಡಿಯಲ್ಲಿ ಅಷ್ಟು ಪಟಾಕಿ ಯಾಕೆ ಪೇರಿಸಿರ್ತಾರೆ ಅಂದ್ರೆ, ಅಗ್ಗ ಅಂತ ನಾವು ಕಾರು ಮಾಡ್ಕೊಂಡು ಹೋಗ್ತೀವಲ್ಲ, ಅದಕ್ಕೆ. ಆ ತೊಟ್ಟಿಲು ನೋಡಿದಾಗ ನನಗೆ ಅದೇ ನೆನಪಾಯ್ತು. ರೈಲಿನಲ್ಲಿ ತಂದ್ರಂತೂ ಮೂರು ವರ್ಷದ ತನಕ ಜೈಲಾಗಬಹುದು, ರೈಲ್ವೆ ಕಾಯ್ದೆಯ 164ನೇ ಕಲಂ.

ಸರಿ, ಮನೆಗೆ ಬಂದೆ. ಪಕ್ಕದ ಮನೆ ಮಾಷ್ಟಾರು ಗೇಟಿನಲ್ಲೇ ನಿಂತಿದ್ರು. ರಿಟೈರ್ಡ್ ಸಂಸ್ಕೃತ ಮೇಷ್ಟ್ರು, ಪ್ರತಿಯೊಂದಕ್ಕೂ ಒಂದು ಶ್ಲೋಕ, ಪ್ರತಿಯೊಬ್ಬರಿಗೂ ಒಂದು ಅಣಕ. 'ಎಂತ ಅಯ್ಯಿಂದಂಡಿ?' ಅಂದ್ರು. ಎಷ್ಟಾಯ್ತು ಅಂತ ಕೇಳೋದು ಈ ಸೀಮೆಯಲ್ಲಿ ಕುಶಲ ಪ್ರಶ್ನೆ, ಬೇಜಾರು ಮಾಡ್ಕೊಳ್ಳೋ ಹಾಗಿಲ್ಲ. ಹೇಳಿದೆ. ಅವರು ಜೇಬಿನಿಂದ ಮಡಿಸಿದ ಕಾಗದ ತೆಗೆದು ತೋರಿಸಿದ್ರು. ನಮ್ಮೂರ ಮೈದಾನದ ಸ್ಟಾಲಿನಲ್ಲಿ, ಹೆಚ್ಚುಕಮ್ಮಿ ಅದೇ ಮಾಲು, ಜಿಎಸ್‌ಟಿ ಸೇರಿ 4,200. ಬಿಲ್ ಸಮೇತ.

ನನ್ನ ಭೂಚಕ್ರಗಳು ಲಾರಿಯಲ್ಲಿ ಶೀತ ಹಿಡಿದು ಮೂರು ಸುತ್ತು ತಿರುಗಿ, ತಲೆ ಸುತ್ತು ಬಂದವರ ಹಾಗೆ ಮಲಗಿಬಿಟ್ವು. ಮಾಷ್ಟಾರ ಮೊಮ್ಮಗ ಹೋಗಿ ಅವರ ಅಂಗಡಿಗೆ ದೂರು ಕೊಟ್ಟು ಒಂದು ಕೆಟ್ಟ ರಾಕೆಟ್ಟಿಗೆ ಬದಲಿ ತಂದ. ನಾನು ಯಾರಿಗೆ ದೂರು ಕೊಡ್ಲಿ? ಬಿಲ್ ಇಲ್ಲವಲ್ಲ! ವಿಚಾರಿಸಿದ್ದು ಬಿಟ್ರೆ ನಾನೇನೂ ಕೊಂಡೇ ಇಲ್ಲವಲ್ಲ!

ನಗ್ತಾ ಇದ್ದೀರಾ? ನಗಿ ನಗಿ. ನಿಮ್ಮ ಬೇಸ್‌ಮೆಂಟಿನಲ್ಲಿ ಪಿವೈ ನಂಬರಿನ ಕಾರು ಯಾಕೆ ನಿಂತಿದೆ ಅಂತ ಕೇಳಲಾ? ಪುದುಚೇರಿಯಲ್ಲಿ ನಿಮಗೆ ಯಾವ ಅಜ್ಜಿ ಮನೆ? (ಬಾಡಿಗೆ ಕರಾರು ಪತ್ರದಲ್ಲಿ ಇರೋ ಅಜ್ಜಿ ಇರಬೇಕು.) ಬೇರೆ ರಾಜ್ಯದ ಗಾಡಿ ಒಂದು ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇದ್ರೆ ಅಲ್ಲಿಯ ನಂಬರಿಗೆ ಬದಲಾಗಬೇಕು ಅಂತ ಮೋಟಾರು ಕಾಯ್ದೆಯ 47ನೇ ಕಲಂ ಹೇಳುತ್ತೆ. ನಂಬರು ಬದಲಾದ್ರೆ ಅಲ್ಲಿಯ ತೆರಿಗೆಯೂ ಕಟ್ಟಬೇಕು. ಇದೇ ನೋಡಿ ನಮ್ಮ ದೇಶದ ಅಸಲಿ ಯೂಸ್ ಟ್ಯಾಕ್ಸು: ಎಲ್ಲಿ ಓಡಿಸ್ತೀಯೋ ಅಲ್ಲಿ ಕಟ್ಟು.

ನನ್ನ ಕೆಎ ನಂಬರಿನ ಸ್ಕೂಟರು ಮೂರು ವರ್ಷ ಇಲ್ಲಿ 'ಈಗಷ್ಟೇ ಬಂದಿತ್ತು'. ಕಾನ್‌ಸ್ಟೇಬಲ್ ನಿಲ್ಲಿಸಿದಾಗೆಲ್ಲ ನಾನು ಕನ್ನಡದಲ್ಲಿ ಕಣ್ಣು ಕಣ್ಣು ಬಿಟ್ಟು, 'ಹೋದ ವಾರ ಬಂದೆ ಸಾರ್' ಅಂತಿದ್ದೆ. ಒಂದಿನ ಒಬ್ಬರು ಬಗ್ಗಿ ಸ್ಕೂಟರಿನ ಹೊಟ್ಟೆಗೆ ಅಂಟಿಸಿದ್ದ ಸರ್ವಿಸ್ ಸ್ಟಿಕರ್ ಓದಿದ್ರು. ಗಾಜುವಾಕದ ಗ್ಯಾರೇಜು, ಎರಡು ವರ್ಷ ಹಿಂದಿನ ತಾರೀಕು. ಮೇಲಕ್ಕೆದ್ದು, ಅಪ್ಪಟ ಕನ್ನಡದಲ್ಲಿ, 'ವಾರ ಸ್ವಲ್ಪ ಉದ್ದ ಆಯ್ತು ಅಲ್ವಾ ಸಾರ್?' ಅಂದ್ರು. ಅವರ ಊರು ಬಳ್ಳಾರಿ ಗಡಿಯಂತೆ. ನನ್ನ ಕನ್ನಡಾಭಿಮಾನ ಅಷ್ಟು ಕುಗ್ಗಿದ್ದು ಅದೊಂದೇ ಸಲ.

ಆಮೇಲೆ ಎನ್‌ಒಸಿ ತರಿಸಿ, ಇಲ್ಲಿ ತೆರಿಗೆ ಕಟ್ಟಿ, ಕರ್ನಾಟಕದಲ್ಲಿ ಕಟ್ಟಿದ್ದ ಲೈಫ್ ಟ್ಯಾಕ್ಸಿನ ಉಳಿಕೆ ವಾಪಸ್ ಕೇಳಿ ಅರ್ಜಿ ಹಾಕಿದೆ. ಅರ್ಜಿ ಹಾಕಿದ್ದು ನಿಜ ಅಂತಷ್ಟೇ ಹೇಳ್ತೀನಿ, ಹಬ್ಬದ ಸಮಯದಲ್ಲಿ ಅಳಬಾರದು. ಎದುರು ಮನೆಯ ಉಕ್ಕಿನ ಕಾರ್ಖಾನೆ ಎಂಜಿನಿಯರು 2021ರಲ್ಲಿ ಬಂದ ಬಿಎಚ್ ಸೀರೀಸ್ ಹಾಕಿಸಿಕೊಂಡು ಎರಡೆರಡು ವರ್ಷಕ್ಕೆ ತೆರಿಗೆ ಕಟ್ಕೊಂಡು ನಿದ್ದೆ ಮಾಡ್ತಾರೆ. ಸರ್ಕಾರಿ ಕಂಪನಿ ನೌಕರಿ ಇದ್ರೆ ಎಷ್ಟು ಸುಖ ನೋಡಿ.

ಹಳೇ ಕಾಲ ಇದಕ್ಕಿಂತ ನೇರ ಇತ್ತು. ಊರ ಬಾಯಲ್ಲೇ ಸುಂಕದವನು ಕೂತಿರ್ತಿದ್ದ. ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆ ಅಂತ ಬಸ್ ಸ್ಟಾಪಿನಲ್ಲಿ ಇಳೀತೀರಲ್ಲ, ಆ ಹೆಸರು ಸುಮ್ಮನೆ ಬಂದಿದ್ದಲ್ಲ. ಹನ್ನೆರಡನೇ ಶತಮಾನದ ಶರಣರಲ್ಲಿ ಸುಂಕದ ಬಂಕಣ್ಣ ಅಂತಲೇ ಒಬ್ಬರಿದ್ರು, ಕಾಯಕ ಸುಂಕ ವಸೂಲಿ. ತೆರಿಗೆ ವಸೂಲಿ ಮಾಡಿಯೂ ಶರಣರಾಗಬಹುದು. ತಪ್ಪಿಸಿ ಶರಣರಾದವರು ಯಾರಾದ್ರೂ ಇದ್ದಾರಾ, ನೀವೇ ಹೇಳಿ.

ಕರ್ನಾಟಕದಲ್ಲಿ 1979ರಲ್ಲಿ ಈ ಊರ ಬಾಗಿಲಿನ ಸುಂಕ, ಅಂದ್ರೆ ಆಕ್ಟ್ರಾಯ್, ಹೋಯ್ತು, ಅದರ ಕುರ್ಚಿಯಲ್ಲಿ ಪ್ರವೇಶ ತೆರಿಗೆ ಕೂತಿತು. ಆಂಧ್ರದಲ್ಲಿ ಹೊರಗಿನ ಗಾಡಿಗಳಿಗೆ 1996ರಲ್ಲಿ, ಸರಕಿಗೆ 2001ರಲ್ಲಿ. ಜಿಎಸ್‌ಟಿಗೆ ಸ್ವಲ್ಪ ಮುಂಚೆ ಗುಜರಾತಿನಂಥ ಕೆಲವು ರಾಜ್ಯಗಳು ಆನ್‌ಲೈನ್‌ನಲ್ಲಿ ಬರೋ ಪಾರ್ಸೆಲ್ಲಿಗೂ ಇದನ್ನ ಹಾಕಿದ್ವು. 2016ರ ನವೆಂಬರ್‌ನಲ್ಲಿ ನಮ್ಮ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ, ರಾಜ್ಯಗಳಿಗೆ ಆ ಹಕ್ಕು ಇದೆ ಅಂತ ಎತ್ತಿ ಹಿಡೀತು. ಎಂಟೇ ತಿಂಗಳಲ್ಲಿ ಜಿಎಸ್‌ಟಿ ಬಂದು ಇಡೀ ಅಂಗಡಿಯನ್ನೇ ಎತ್ತಿಸಿಬಿಡ್ತು. ಒಂಬತ್ತು ಜನ ದೊಡ್ಡವರು ಸೇರಿ ಬಿತ್ತಿದ ಮಾವಿನ ಗಿಡಕ್ಕೆ ಒಂದು ಹೂ ಬಿಡೋಕೂ ಪುರುಸೊತ್ತಾಗಲಿಲ್ಲ.

ಜಿಎಸ್‌ಟಿ ಮುಟ್ಟದೇ ಬಿಟ್ಟಿದ್ದರಲ್ಲಿ ಮುಖ್ಯವಾದವು ಎರಡು: ಗಾಡಿ ಕುಡಿಯೋ ಪೆಟ್ರೋಲು-ಡೀಸೆಲು, ಮನುಷ್ಯ ಕುಡಿಯೋ ಮದ್ಯ. ಇವಕ್ಕೆ ಇವತ್ತಿಗೂ ರಾಜ್ಯಕ್ಕೊಂದು ರೇಟು. ಹಾಗಾಗಿ ಗಡಿ ದಾಟೋ ರಸಿಕತೆ ಇನ್ನೂ ಬದುಕಿದೆ. ಬಾಗೇಪಲ್ಲಿ ಕಡೆಯಿಂದ ಆಂಧ್ರಕ್ಕೆ ಹೋಗೋ ಲಾರಿಯವರು ಕರ್ನಾಟಕದ ಕೊನೇ ಬಂಕಿನಲ್ಲಿ ಟ್ಯಾಂಕು ತುಂಬಿಸ್ತಾರೆ. ನಮ್ಮ ಕಡೆಯವರಿಗೆ ಆ ಪುಣ್ಯಕ್ಷೇತ್ರ ಯಾನಾಂ.

ಯಾನಾಂ ಗೊತ್ತಾ ನಿಮಗೆ? ಕಾಕಿನಾಡದಿಂದ ಮೂವತ್ತು ಕಿಲೋಮೀಟರು, ಸುತ್ತ ಆಂಧ್ರ, ನಡುವೆ ಪುದುಚೇರಿಯ ಒಂದು ಚೂರು. 1954ರ ತನಕ ಫ್ರೆಂಚರ ಕೈಲಿತ್ತು. ಬಾಲ್ಯವಿವಾಹ ತಡೆಯೋಕೆ 1929ರಲ್ಲಿ ಶಾರದಾ ಕಾಯ್ದೆ ಬಂದಾಗ, ಸುತ್ತಲ ಬ್ರಿಟಿಷ್ ಸೀಮೆಯವರು ಎಳೆಮಕ್ಕಳನ್ನ ಇಲ್ಲಿಗೆ ಕರೆತಂದು ಮದುವೆ ಮಾಡ್ತಿದ್ರಂತೆ. ಕಲ್ಯಾಣಪುರಂ ಅಂತಲೇ ಹೆಸರು ಬಿದ್ದಿತ್ತು. ಕಾನೂನಿಗೆ ಗಡಿ ಇದೆ ಅಂತ ಕಂಡುಹಿಡಿದಿದ್ದು ನಾವೇನೂ ಅಲ್ಲ, ತಾತ ಮುತ್ತಾತಂದಿರು.

ಕೆಲವು ವರ್ಷದ ಹಿಂದೆ ಕಾಕಿನಾಡದಲ್ಲಿ ಒಂದು ಮದುವೆ. ನಾನು, ಮಾಷ್ಟಾರು, ನನ್ನ ಕಾರು. ಊಟ ಮುಗಿಸಿ ಕಾಜಾ ಕಟ್ಟಿಸಿಕೊಂಡು ಸುಮ್ಮನೆ ಬರಬಹುದಿತ್ತು. 'ಯಾನಾಂನಲ್ಲಿ ಪೆಟ್ರೋಲು ಲೀಟರಿಗೆ ಹನ್ನೆರಡು ರೂಪಾಯಿ ಕಮ್ಮಿ' ಅಂದೆ. ಮಾಷ್ಟಾರ ಕಣ್ಣಲ್ಲಿ ಶ್ಲೋಕ ಇರಲಿಲ್ಲ, ಮಿಂಚಿತ್ತು. ಹೋದ್ವಿ. 35 ಲೀಟರ್ ತುಂಬಿಸಿದ್ವಿ. 420 ರೂಪಾಯಿ ಉಳೀತು ಅಂತ ಇಬ್ಬರೂ ಹೆಗಲು ತಟ್ಕೊಂಡ್ವಿ.

ಈಗ ಪೆನ್ನು ತಗೊಳ್ಳಿ. ಹೋಗಿ ಬರೋಕೆ ಸುತ್ತು 60 ಕಿಲೋಮೀಟರು, ನನ್ನ ಮುದುಕ ಕಾರಿಗೆ ನಾಲ್ಕು ಲೀಟರು, 388 ರೂಪಾಯಿ. ಉಳಿದಿದ್ದು 32. ಉಳಿತಾಯದ ಸಂಭ್ರಮಕ್ಕೆ ಎರಡು ಟೀ, 40. ಒಟ್ಟು ಎಂಟು ರೂಪಾಯಿ ಲುಕ್ಸಾನು. ಬೆಲ್‌ವ್ಯೂ ಹುಡುಗನೂ ತೆರಿಗೆ ಇಲ್ಲದ ಪೋರ್ಟ್‌ಲೆಂಡಿಗೆ ಮೂರು ಗಂಟೆ ಗಾಡಿ ಓಡಿಸಿ ಫೋನು ಕೊಂಡು ಬಂದಿದ್ದಾನಂತೆ. ಮನೆಯವರೆಲ್ಲ ಒಂದೇ ಹದ.

ಆ ಎಂಟು ರೂಪಾಯಿ ಗೆಲ್ಲಲೇಬೇಕು ಅಂತ ನನಗೆ ಹಟ. ರಾತ್ರಿ ಓಡಿಸಿಕೊಂಡು ಬಂದ್ವಿ, ಊರ ಹತ್ತಿರ ಒಂದು ಟೋಲ್ ಗೇಟು. 'ಮಾಷ್ಟಾರೂ, ಒಳದಾರಿ ಗೊತ್ತು ನನಗೆ' ಅಂತ ಹೆದ್ದಾರಿ ಬಿಟ್ಟು ಹಳ್ಳಿ ರಸ್ತೆಗೆ ಇಳಿದೆ. ತೆಂಗಿನ ತೋಟ, ಎಮ್ಮೆ ಕೊಟ್ಟಿಗೆ, ಒಂದು ಕಡೆ ಯಾರದೋ ಅಂಗಳ. ನಾಯಿ ಬೊಗಳ್ತು, ಮಂಜು ಇಳೀತು, ಮ್ಯಾಪು ಸುತ್ತಿ ಸುತ್ತಿ ಸುಸ್ತಾಯ್ತು. ಪೂರ್ವ ಕೆಂಪಾಗೋ ಹೊತ್ತಿಗೆ ಒಂದು ದೊಡ್ಡ ರಸ್ತೆ ಸಿಕ್ತು. ಹತ್ತಿದೆ. ಎದುರಿಗೆ ಇಪ್ಪತ್ತು ಅಡಿ ದೂರದಲ್ಲಿ ನಿಂತಿತ್ತು, ಅದೇ ಟೋಲ್ ಗೇಟು.

ಮಾಷ್ಟಾರು ಎಚ್ಚರಾಗಿ, ಕಣ್ಣುಜ್ಜಿ, ಗೇಟು ನೋಡಿ, ನನ್ನ ಮುಖ ನೋಡಿ, ಹೊಟ್ಟೆ ಹಿಡ್ಕೊಂಡು ನಗೋಕೆ ಶುರು ಮಾಡಿದ್ರು. 'ಘಟ್ಟಕುಟೀ ಪ್ರಭಾತ ನ್ಯಾಯಮಂಡಿ!' ಘಟ್ಟಕುಟೀ ಅಂದ್ರೆ ಸುಂಕದ ಗುಡಿಸಲು. ಸುಂಕ ತಪ್ಪಿಸೋಕೆ ಒಬ್ಬ ವ್ಯಾಪಾರಿ ರಾತ್ರಿಯೆಲ್ಲ ಅಡ್ಡದಾರಿ ಹಿಡಿದು ನಡೆದನಂತೆ, ಬೆಳಕು ಹರಿದಾಗ ನೋಡಿದ್ರೆ ಸುಂಕದ ಗುಡಿಸಲಿನ ಮುಂದೇ ನಿಂತಿದ್ದನಂತೆ. ಶಾಸ್ತ್ರದವರು ಇದಕ್ಕೊಂದು ನ್ಯಾಯ ಅಂತಲೇ ಹೆಸರಿಟ್ಟಿದ್ದಾರೆ. ನೂರಾರು ವರ್ಷ ಹಿಂದೆಯೇ ನನ್ನ ಕಾರಿನ ನಂಬರು ಅವರಿಗೆ ಸಿಕ್ಕಿತ್ತು ಅನ್ಸುತ್ತೆ.

ಹೌದು, ನನ್ನನ್ನ ನೋಡಿ ನಕ್ಕಿದ್ದಾಯ್ತು. ಈಗ ನಿಮ್ಮದು ಹೇಳಿ. ಬಿಲ್ ಇಲ್ಲದೆ ತಂದ ಮಿಕ್ಸಿ ಕೆಟ್ಟಾಗ ವಾರಂಟಿಗೆ ಹೋಗಲಾರದೆ ಅಟ್ಟಕ್ಕೆ ಹಾಕಿಲ್ವಾ? ಇನ್ನೂರು ಉಳಿಸೋಕೆ ಮುನ್ನೂರರ ಆಟೋ ಮಾಡಿಲ್ವಾ? ಮಾಡಿದ್ದೀರಿ, ಇನ್ನೂ ಮಾಡ್ತೀರಿ. ಯಾಕಂದ್ರೆ ನಾವು ಕೊಳ್ಳೋಕೆ ಹೋಗೋದು ಪಟಾಕಿ ಅಲ್ಲ, ಪೆಟ್ರೋಲೂ ಅಲ್ಲ. 'ಎಲ್ಲರಿಗಿಂತ ನಾನೇ ಜಾಣ' ಅನ್ನೋ ಖುಷಿ. ಅದು ಯಾವ ರೇಟಿಗಾದ್ರೂ ನಮಗೆ ಅಗ್ಗವೇ. ಅದಕ್ಕೆ ಮಾತ್ರ ಯಾವ ಸರ್ಕಾರವೂ ಇನ್ನೂ ತೆರಿಗೆ ಹಾಕಿಲ್ಲ. (ಮೆತ್ತಗೆ ಹೇಳಿ, ಕೇಳಿಸಿಕೊಂಡಾರು.)

ಅಂದ ಹಾಗೆ, ಬೆಲ್‌ವ್ಯೂ ಹುಡುಗ ಕಟ್ಟಿದ. ಗುಂಡಿನ ಡಬ್ಬಗಳನ್ನೆಲ್ಲ ಪಟ್ಟಿ ಮಾಡಿ, ಫಾರಂ ತುಂಬಿ, ದುಡ್ಡು ಕಳಿಸಿದನಂತೆ. 'ಯಾರೂ ಕೇಳಿರಲಿಲ್ವಲ್ಲೋ' ಅಂದೆ. 'ಅದಕ್ಕೇ ನಿದ್ದೆ ಬರ್ತಿರಲಿಲ್ಲಣ್ಣ' ಅಂದ. ಬಂದೂಕು ಹಿಡಿಯೋ ಹುಡುಗ ಇನ್ನೂ ಮಂಚದಡಿಯವನೇ, ಪರವಾಗಿಲ್ಲ.

ಸರಿ, ಇಷ್ಟೆಲ್ಲ ಹೇಳಿದ ಮೇಲೆ ಶಿವಕಾಶಿಯವರಿಗೆ ಉತ್ತರ ಕೊಡದಿದ್ರೆ ಹೇಗೆ? ಈಗಷ್ಟೇ, ನಿಮ್ಮೆದುರಿಗೇ, ಎದೆ ಗಟ್ಟಿ ಮಾಡ್ಕೊಂಡು 'ಬಿಲ್ ಬೇಕು' ಅಂತ ಟೈಪ್ ಮಾಡಿ ಕಳಿಸಿದೆ. ಒಂದೇ ನಿಮಿಷದಲ್ಲಿ ಜವಾಬು ಬಂತು: 'ಓಕೆ ಸಾರ್. ಹದಿನೆಂಟು ಪರ್ಸೆಂಟ್ ಎಕ್ಸ್‌ಟ್ರಾ. ಕನ್‌ಫರ್ಮ್?'

ಓದಿದೆ. ನೀಲಿ ಟಿಕ್ ಬಿದ್ದಿದೆ. ಫೋನನ್ನ ಮಗುಚಿ ಇಟ್ಟಿದ್ದೀನಿ. ಮಾಷ್ಟಾರು ಚೀಲ ಹಿಡಿದು ಮೈದಾನದ ಸ್ಟಾಲಿಗೆ ಹೊರಟಿರೋದು ಕಿಟಕಿಯಲ್ಲಿ ಕಾಣ್ತಿದೆ. ಒಂದ್ನಿಮಿಷ ಇರಿ, ಚಪ್ಪಲಿ ಎಲ್ಲಿಟ್ಟೆ?